ಸಂಡಿಗೆ ಕಾಯುವಷ್ಟು ಹೊತ್ತು

ಪ್ರಶ್ನೆ: ರಾಯಚೂರಿನಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ಯಜಮಾನರಿಗೆ ಬೇರೆ ಊರಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಅತ್ತೆ ನಮ್ಮ ಜೊತೆಗಿದ್ದಾರೆ, ಅವರಿಗೆ ಕಣ್ಣು ಮಂಜು. ಬಾಡಿಗೆ ಮನೆ, ಅದೂ ಮೇಲಿನ ಅಂತಸ್ತು, ಬೇಸಿಗೆಯಲ್ಲಿ ಹೆಂಚಿನ ಮೇಲೆ ಕೂತಂತೆ. ಕಾಲೇಜಿನಲ್ಲಿ ವಾರಕ್ಕೊಂದು ಕಾದಂಬರಿ ಓದುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಒಂದನ್ನೂ ಮುಗಿಸಿಲ್ಲ. ಈ ರಜೆಯಲ್ಲಿ ನಾನೂ ಓದಬೇಕು, ಮಕ್ಕಳೂ ಮೊಬೈಲ್ ಬಿಟ್ಟು ಓದಬೇಕು. ಯಾವ ಪುಸ್ತಕದಿಂದ ಶುರು ಮಾಡಲಿ? ಮನೆ ತುಸು ತಂಪಾಗಲು ಏನು ಮಾಡಬಹುದು? ಕೂಲರ್ ಕೊಳ್ಳಬೇಕೇ? ನಾನು ಪುಸ್ತಕ ಹಿಡಿದು ಕೂತರೆ ಅತ್ತೆ ಮುಖ ಗಂಟು ಹಾಕಿಕೊಳ್ಳುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಉತ್ತರ: ನಿಮ್ಮ ಗುಟ್ಟು ಹೇಳಿದಿರಿ, ನನ್ನದೂ ಒಂದು ಹೇಳುತ್ತೇನೆ. ಮೂವತ್ತೊಂದು ವರ್ಷ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಎರಡನೇ ಮಗ ಹುಟ್ಟಿದ ಮೇಲೆ ಹೆಚ್ಚುಕಡಿಮೆ ನಾಲ್ಕು ವರ್ಷ, ದಿನವಿಡೀ ಸಾವಿರಾರು ಪುಸ್ತಕಗಳ ನಡುವೆ ಕೂತೂ ಒಂದನ್ನೂ ಪೂರ್ತಿ ಓದಲಿಲ್ಲ. ಊರಿಗೆಲ್ಲ ಬಡಿಸಿದ ಅಡುಗೆಯವಳು ಉಪವಾಸ ಮನೆಗೆ ಹೋದ ಹಾಗೆ. ಆಗ ನನಗೆ ಎಲ್ಲರೂ ಕೊಟ್ಟ ಸಲಹೆ ಒಂದೇ: ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳು. ಐದಕ್ಕೆ ಏಳುವವಳು ನಾಲ್ಕೂವರೆಗೆ ಎದ್ದರೆ ನಾಲ್ಕೂವರೆಗೇ ಪಾತ್ರೆ ತೊಳೆಯುತ್ತಾಳೆ, ಅಷ್ಟೇ. ಹಾಗಾಗಿ ಆ ಮಾತು ನಿಮಗೆ ಹೇಳುವುದಿಲ್ಲ.

ನಾನು ಓದುವುದನ್ನು ಕಲಿತದ್ದು ಎಲ್ಲಿ ಗೊತ್ತೇ? ಗಂಗಾವತಿಯ ನಮ್ಮ ಮನೆ ಮಾಳಿಗೆಯ ಮೇಲೆ, ಸಂಡಿಗೆ ಕಾಯುತ್ತಾ. ಆಗ ಗಂಗಾವತಿ ನಿಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಏಪ್ರಿಲ್ ಬಂತೆಂದರೆ ಅವ್ವ, ದೊಡ್ಡವ್ವ ಸೇರಿ ಬೆಳಗಿನ ಜಾವ ಅಕ್ಕಿ ಹಿಟ್ಟು ಕುದಿಸಿ, ಹಳೇ ಧೋತರದ ಮೇಲೆ ಸಾಲಾಗಿ ಸಂಡಿಗೆ ಇಟ್ಟು ಕೆಳಗಿಳಿಯುವರು. ಕಾಗೆ, ಅಳಿಲು ಓಡಿಸುವ ಕೆಲಸ ನನ್ನದು. ನೀರಿನ ಟಾಕಿಯ ನೆರಳಲ್ಲಿ ಕೂತು, ಪಕ್ಕದಲ್ಲೊಂದು ಬಿದಿರು ಕೋಲು, ತೊಡೆಯ ಮೇಲೆ ತ್ರಿವೇಣಿಯವರ ಕಾದಂಬರಿ. ಒಂದು ಪುಟ ಓದುವುದು, ಒಮ್ಮೆ ಕೋಲು ಬೀಸುವುದು. ಒಮ್ಮೆ ಕಾಗೆ ಕಚ್ಚಿಕೊಂಡು ಹೋದ ಹಸಿ ಸಂಡಿಗೆ ಜಾರಿ ಪುಸ್ತಕದ ಮೇಲೆಯೇ ಬಿತ್ತು. ಒರೆಸಿದೆ. ಒಣಗಿದ ಮೇಲೆ ಎರಡು ಪುಟ ಗಂಜಿ ಹಾಕಿದ ಸೀರೆಯಂತೆ ಗಟ್ಟಿಯಾಗಿ ಅಂಟಿಕೊಂಡವು. ಆ ಎರಡು ಪುಟಗಳಲ್ಲಿ ಏನಿತ್ತೆಂದು ಗೊತ್ತಾದದ್ದು ನೌಕರಿಗೆ ಸೇರಿದ ಮೇಲೆ, ಗ್ರಂಥಾಲಯದ ಪ್ರತಿಯಲ್ಲಿ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಮನೆಯಲ್ಲಿ ಹುಡುಗಿಯೊಬ್ಬಳು ಸುಮ್ಮನೆ ಓದುತ್ತಾ ಕೂರುವುದು ಸಾಧ್ಯವೇ ಇರಲಿಲ್ಲ. ಸಂಡಿಗೆ ಕಾಯುವುದು ಮಾತ್ರ ಕೆಲಸ. ಕೂತೇ ಮಾಡಬೇಕಾದ, ಕಣ್ಣು ಆಗಾಗ ಎತ್ತಿದರೆ ಸಾಕಾಗುವ ಕೆಲಸ. ನಿಮಗೆ ಬೇಕಾಗಿರುವುದು ಅಂಥದ್ದು. ಬಿಡುವು ಹುಡುಕಬೇಡಿ, ಅದು ಸಿಗುವುದಿಲ್ಲ. ಕಾಯುವ ಕೆಲಸ ಹುಡುಕಿ. ನಿಮ್ಮ ದಿನದಲ್ಲೂ ಅದು ಇದ್ದೇ ಇದೆ. ನಳದಲ್ಲಿ ನೀರು ಬಂದು ಕೊಡ ತುಂಬುವ ತನಕ, ಬೇಳೆ ಬೆಂದು ಕುಕ್ಕರ್ ಇಳಿಯುವ ತನಕ, ಮಗ ಸ್ನಾನದ ಬಕೆಟ್ಟಿನಲ್ಲಿ ಆಡಿ ಮುಗಿಸುವ ತನಕ. ಅಲ್ಲೆಲ್ಲ ಈಗ ಕೈಗೆ ಬರುವುದು ಮೊಬೈಲ್. ಅದರ ಜಾಗದಲ್ಲಿ ಪುಸ್ತಕ ಇರಬೇಕು ಅಂದರೆ ಪುಸ್ತಕ ಅಲ್ಲೇ ಬಿದ್ದಿರಬೇಕು. ಶೋಕೇಸಿನಲ್ಲಿ ಅಲ್ಲ, ನಳದ ಪಕ್ಕದ ಗೂಡಿನಲ್ಲಿ, ಬೇಳೆ ಡಬ್ಬಿಯ ಮೇಲೆ. ಒಗ್ಗರಣೆ ಸಿಡಿದು ಕಲೆಯಾದರೆ ಆಗಲಿ. ಸ್ವಂತ ಪುಸ್ತಕಕ್ಕೆ ಮಾತ್ರ ಈ ಮಾತು, ಗ್ರಂಥಾಲಯದ್ದಕ್ಕೆ ಅಲ್ಲ ಎಂದು ನನ್ನ ಹಳೇ ಹುದ್ದೆಯ ಮರ್ಯಾದೆಗಾಗಿ ಸೇರಿಸುತ್ತೇನೆ.

ಅದಕ್ಕಿಂತ ದೊಡ್ಡ ವರವೊಂದು ನಿಮಗೆ ಸರ್ಕಾರವೇ ಕೊಟ್ಟಿದೆ, ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳು ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬೆಂಗಳೂರು, ಮೈಸೂರಿನ ನೌಕರಸ್ಥ ತಾಯಂದಿರಿಗೆ ಇದು ಕನಸಿನ ಮಾತು. ಎರಡು ಗಂಟೆಗೆ ಮನೆ, ಎರಡೂವರೆಗೆ ಊಟ. ಅಲ್ಲಿಂದ ನಾಲ್ಕರವರೆಗೆ ರಾಯಚೂರಿನ ಬಿಸಿಲಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ, ಯಾರೂ ಮನೆಗೆ ಬರುವುದಿಲ್ಲ, ಬಟ್ಟೆ ಒಗೆಯಲೂ ಆಗುವುದಿಲ್ಲ. ಅದರಲ್ಲಿ ಮುಕ್ಕಾಲು ಗಂಟೆ ಮನೆಯವರೆಲ್ಲ ಒಂದೇ ಕಡೆ ಒರಗಿ ಓದುವ ಹೊತ್ತು ಎಂದು ಗೊತ್ತುಮಾಡಿ. ಎಲ್ಲ ಮೊಬೈಲುಗಳೂ, ನಿಮ್ಮದೂ, ಅಕ್ಕಿ ಡಬ್ಬಿಯ ಮೇಲೆ. ಮಕ್ಕಳಿಂದ ಕಸಿದುಕೊಂಡು ನೀವು ಇಟ್ಟುಕೊಂಡಿರೋ, ಆಟ ಮುಗಿಯಿತು. ಮಗ ಹತ್ತು ನಿಮಿಷದಲ್ಲಿ ನಿದ್ದೆ ಹೋದರೆ ಅದೂ ಒಳ್ಳೆಯದೇ.

ಎಲ್ಲಿ ಒರಗಬೇಕು ಅನ್ನುವುದು ಮುಖ್ಯ. ಮನೆ ತಂಪು ಮಾಡುವ ಮಾತು ಇಲ್ಲಿಗೇ ಸೇರುತ್ತದೆ. ಮನೆಯನ್ನೆಲ್ಲ ತಂಪು ಮಾಡಲು ಹೋಗಬೇಡಿ, ಅದು ದುಡ್ಡಿನ ಕೆಲಸ. ಒಂದು ಮೂಲೆ ಸಾಕು. ಯಾವ ಮೂಲೆ ಎಂದು ತಿಳಿಯಲು ಬೆಕ್ಕಿದ್ದರೆ ನೋಡಿ, ಮಧ್ಯಾಹ್ನ ಅದು ಮಲಗುವ ಜಾಗವೇ ಮನೆಯ ತಂಪು ಜಾಗ. ಬೆಕ್ಕಿಲ್ಲದಿದ್ದರೆ ಬರಿಗಾಲಲ್ಲಿ ನಡೆದು ನೋಡಿ. ಸಾಮಾನ್ಯವಾಗಿ ಬಚ್ಚಲಿಗೆ ಒತ್ತಿಕೊಂಡ ಗೋಡೆಯ ಪಕ್ಕ, ಇಲ್ಲವೇ ಉತ್ತರದ ಕೋಣೆಯ ನೆಲ. ಮಂಚ ಬೇಡ, ಹಾಸಿಗೆ ಬೇಡ. ಫೋಮಿನ ಹಾಸಿಗೆ ಮೈಯ ಕಾವನ್ನು ಹಿಡಿದಿಟ್ಟುಕೊಂಡು ನಮಗೇ ವಾಪಸ್ ಕೊಡುತ್ತದೆ. ನೆಲಕ್ಕೆ ಚಾಪೆ, ಅದರ ಮೇಲೆ ಅತ್ತೆಯವರ ಹಳೇ ಕೌದಿಯೊಂದು ಇದ್ದರೆ ಅದು. ಹಳೇ ಹತ್ತಿ ಸೀರೆಗಳ ಕೌದಿಯಷ್ಟು ಹಿತ ಯಾವ ಬೆಡ್‌ಶೀಟೂ ಕೊಡದು.

ಮೇಲಿನ ಅಂತಸ್ತಿನ ಕಷ್ಟಕ್ಕೆ ಕಾರಣ ಕಾಂಕ್ರೀಟ್ ಸ್ಲ್ಯಾಬು. ಅದು ಹಗಲೆಲ್ಲ ಬಿಸಿಲು ಕುಡಿದು ಕೆಲವು ಗಂಟೆ ತಡವಾಗಿ ಒಳಗೆ ಕಕ್ಕುತ್ತದೆ. ಹೊರಗೆ ಸಂಜೆ ಗಾಳಿ ಶುರುವಾದರೂ ಒಳಗೆ ರಾತ್ರಿ ಹತ್ತರವರೆಗೆ ಕುದಿಯುವುದು ಇದಕ್ಕೇ. ಸೀಲಿಂಗ್ ಫ್ಯಾನು ಆ ಕಾದ ಸ್ಲ್ಯಾಬಿನ ಕೆಳಗಿನ ಗಾಳಿಯನ್ನೇ ನಿಮ್ಮ ಮೇಲೆ ಸುರಿಯುತ್ತದೆ. ನೆಲದ ಮೇಲಿಟ್ಟ ಟೇಬಲ್ ಫ್ಯಾನು ಕೆಳಗಿನ ತಂಪು ಗಾಳಿಯನ್ನು ತಳ್ಳುತ್ತದೆ, ಹಾಗಾಗಿ ಓದುವ ಮೂಲೆಗೆ ಅದೇ ಇರಲಿ. ಒಂದು ಮಾತು ನೆನಪಿರಲಿ: ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರು ಆರಿಸಿ ನಮ್ಮನ್ನು ತಂಪು ಮಾಡುತ್ತದೆ. ಕೋಣೆಯೇ 40 ಡಿಗ್ರಿ ದಾಟಿದರೆ ಬರೀ ಫ್ಯಾನಿನಿಂದ ಉಪಯೋಗವಿಲ್ಲ, ಬಿಸಿ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ನಿಮ್ಮಲ್ಲಿ ಮೇ ತಿಂಗಳಲ್ಲಿ ಅಂಥ ದಿನಗಳು ಬರುತ್ತವೆ. ಆಗ ಫ್ಯಾನು ಆರಿಸಿ, ಹಿಂಡಿದ ಒದ್ದೆ ಟವೆಲ್ಲನ್ನು ಕತ್ತು, ತೋಳುಗಳ ಮೇಲೆ ಹಾಕಿಕೊಳ್ಳಿ. ವಯಸ್ಸಾದ ಅತ್ತೆಯವರಿಗೂ ಚಿಕ್ಕವನಿಗೂ ಇದು ಮುಖ್ಯ.

ಮಾಲೀಕರ ಹತ್ತಿರ ಒಂದೇ ಒಂದು ಒಪ್ಪಿಗೆ ಕೇಳಿ: ಮಾಳಿಗೆಗೆ ಸುಣ್ಣ ಬಳಿಯುವುದು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಸ್ಲ್ಯಾಬಿಗೆ ಇಳಿಯುವ ಕಾವೇ ಕಡಿಮೆ. ಯಜಮಾನರು ಬಂದ ಒಂದು ಭಾನುವಾರದ ನಸುಕಿನಲ್ಲಿ, ಬಿಸಿಲೇರುವ ಮುಂಚೆ, ಎರಡು ಕೈ ಬಳಿದು ಮುಗಿಸುವ ಕೆಲಸ. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರ, ಮಕ್ಕಳು ಹತ್ತಿರ ಬೇಡ. ಮೊದಲ ದೊಡ್ಡ ಮಳೆಗೆ ಸ್ವಲ್ಪ ತೊಳೆದು ಹೋಗುತ್ತದೆ. ಹೋಗಲಿ, ಅಷ್ಟರಲ್ಲಿ ಬೇಸಿಗೆಯೂ ಹೋಗಿರುತ್ತದೆ.

ಪಶ್ಚಿಮದ ಕಿಟಕಿಗೆ ಒಳಗಿನಿಂದ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ತಡೆ ಹೊರಗೇ ಇರಬೇಕು. ಲಾವಂಚದ ತಟ್ಟಿ ಸಿಕ್ಕರೆ ಚೆನ್ನ, ಸಿಗದಿದ್ದರೆ ಗೋಣಿತಟ್ಟು. ಮಧ್ಯಾಹ್ನ ಒಂದೆರಡು ಚೊಂಬು ನೀರು ಚಿಮುಕಿಸಿದರೆ ಸಾಕು, ಗಾಳಿ ತಂಪಾಗಿ ಬರುತ್ತದೆ. ಇದರ ಲೆಕ್ಕ ನೋಡಿ: ಏಳು ಲೀಟರ್ ನಳದ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಒಂದು ಲೀಟರ್ ನೀರು ಆವಿಯಾಗಲು ಹೆಚ್ಚುಕಡಿಮೆ ಅಷ್ಟೇ ಬೇಕು. ಆ ಶಾಖವನ್ನೆಲ್ಲ ಅದು ಎಳೆದುಕೊಳ್ಳುವುದು ಸುತ್ತಲಿನ ಗಾಳಿಯಿಂದ. ಒಣ ಹವೆ ಇರುವ ನಿಮ್ಮಂಥ ಊರಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ನನ್ನ ತಂಗಿ ಇದನ್ನೇ ಮಾಡಲು ಹೋಗಿ ಗೋಣಿಗೆ ಬೂಸಲು ಹಿಡಿಸಿಕೊಂಡಳು. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ.

ಕೂಲರ್ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ, ಅದೂ ಇದೇ ತತ್ವದ ಯಂತ್ರ. ಕೈಯಲ್ಲಿ ದುಡ್ಡಿದ್ದರೆ ಕೊಳ್ಳಿ, ನಿಮ್ಮೂರಿಗೆ ಒಪ್ಪುತ್ತದೆ. ಆದರೆ ಅದನ್ನು ಕಿಟಕಿಯ ಹತ್ತಿರ ಇಟ್ಟು ಎದುರಿನ ಬಾಗಿಲು ತೆರೆದಿಡಬೇಕು. ಎಲ್ಲ ಮುಚ್ಚಿ ಹಾಕಿದರೆ ಒಂದು ಗಂಟೆಯಲ್ಲಿ ಕೋಣೆ ಜಿಗುಟು. ಕೊಡಗಟ್ಟಲೆ ನೀರು ಕುಡಿಯುತ್ತದೆ. ಎಡಕ್ಕೆ ಕೃಷ್ಣೆ, ಬಲಕ್ಕೆ ತುಂಗಭದ್ರೆ ಇಟ್ಟುಕೊಂಡೂ ನಳದ ನೀರಿಗೆ ಕಾಯುವ ಊರು ನಿಮ್ಮದು, ಯೋಚಿಸಿ. ವಾರಕ್ಕೊಮ್ಮೆ ಟ್ಯಾಂಕು ಪೂರ್ತಿ ಖಾಲಿ ಮಾಡಿ ಉಜ್ಜಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ. ಈ ವರ್ಷ ಗೋಣಿತಟ್ಟು, ಸುಣ್ಣ ನೋಡಿ, ಸಾಲದೆ ಹೋದರೆ ಮುಂದಿನ ವರ್ಷ ಕೂಲರ್. ನನ್ನ ಅಭಿಪ್ರಾಯ ಅಷ್ಟು.

ಫ್ರಿಜ್ಜಿನ ಬಾಗಿಲು ನಿಮಿಷಕ್ಕೊಮ್ಮೆ ತೆರೆಯುವ ಮಕ್ಕಳಿಗೆ ಓದುವ ಮೂಲೆಯ ಹತ್ತಿರವೇ ಒಂದು ಮಣ್ಣಿನ ಗಡಿಗೆ ಇಡಿ. ಹೊಸದನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಮೊದಲ ನೀರು ಚೆಲ್ಲಿ. ಅಡುಗೆಮನೆಯ ಮೂಲೆಯಲ್ಲಿಟ್ಟರೆ ಕೆಲಸ ಮಾಡದು, ಗಾಳಿಯಾಡುವ ನೆರಳಲ್ಲಿ ಮರಳಿನ ಮೇಲೆ ಇರಬೇಕು. ಸೋಪು ಹಾಕಿ ತಿಕ್ಕಬೇಡಿ, ಮಣ್ಣಿನ ಸಣ್ಣ ರಂಧ್ರಗಳಿಗೆ ಸೋಪು ಇಳಿಯುತ್ತದೆ. ಬಣ್ಣ ಬಳಿದದ್ದು ಕೊಳ್ಳಬೇಡಿ, ಬಣ್ಣ ಹಚ್ಚಿದ ಗಡಿಗೆ ಬೆವರುವುದಿಲ್ಲ.

ತಿನ್ನುವ, ಕುಡಿಯುವ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಅದು ನನಗಿಂತ ನಿಮಗೆ ಗೊತ್ತು. ಬಗೆಬಗೆಯ ಪಾನಕಗಳ ಪಟ್ಟಿ ನೋಡಿ ಮರುಳಾಗಬೇಡಿ. ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ಕಳೆಯುವ ಒಂದೊಂದು ನಿಮಿಷವೂ ಓದಿನಿಂದ ಕಡಿದದ್ದು. ರಾತ್ರಿ ಎರಡು ಚಮಚ ಜೋಳದ ಹಿಟ್ಟು ನೀರಲ್ಲಿ ಕಲಸಿಟ್ಟು, ಬೆಳಿಗ್ಗೆ ಚಹಾಕ್ಕೆ ಒಲೆ ಹಚ್ಚಿದಾಗಲೇ ಪಕ್ಕದಲ್ಲಿ ಕುದಿಸಿ ಆರಲು ಬಿಟ್ಟು ಹೋಗಿ. ಎರಡು ಗಂಟೆಗೆ ಬಂದು ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಸೇರಿಸಿದರೆ ಅಂಬಲಿ. ಸಂಜೆಗೆ ನೆನೆಸಿದ ಮಂಡಕ್ಕಿಯ ಸೂಸಲ. ಹತ್ತು ವರ್ಷದ ಮಗಳು ಮಂಡಕ್ಕಿ ನೆನೆಸಿ ಹಿಂಡಬಲ್ಲಳು, ಒಗ್ಗರಣೆ ನೀವು ಹಾಕಿ.

ಇನ್ನು ಪುಸ್ತಕ. ಗ್ರಂಥಾಲಯ ಶಾಸ್ತ್ರದಲ್ಲಿ ನಮಗೆ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. 1931ರಲ್ಲಿ ಬರೆದದ್ದು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂಬುದು. ನಾವದನ್ನು ಕಾರ್ಡು ಬೇಗ ಹುಡುಕಿ ಕೊಡುವುದು ಅಂದುಕೊಂಡಿದ್ದೆವು. ಬರಬರುತ್ತಾ ನನಗೆ ತಿಳಿದದ್ದು ಬೇರೆ. ಹತ್ತು ವರ್ಷ ಓದದೆ ಇದ್ದವರ ಕೈಗೆ ಎಂಟುನೂರು ಪುಟದ ಕಾದಂಬರಿ ಕೊಟ್ಟರೆ ಅವರ ಇಡೀ ಬೇಸಿಗೆ ಹಾಳು ಮಾಡಿದಂತೆ. ಬಹಳ ಜನ ರಜೆಯಲ್ಲಿ "ಈ ಸಲ ಮಲೆಗಳಲ್ಲಿ ಮದುಮಗಳು ಮುಗಿಸಿಯೇ ಬಿಡುತ್ತೇನೆ" ಎಂದು ತೆಗೆದುಕೊಂಡು ಹೋಗಿ, ಜೂನಿನಲ್ಲಿ ಮೂವತ್ತನೇ ಪುಟಕ್ಕೆ ಬಸ್ ಟಿಕೆಟ್ ಇಟ್ಟು ವಾಪಸ್ ತಂದದ್ದನ್ನು ಕಂಡಿದ್ದೇನೆ. ಅದು ಮಹಾ ಕೃತಿ, ಅನುಮಾನವಿಲ್ಲ. ಈ ವರ್ಷ ಬೇಡ.

ನಿಮಗೆ ನಾನು ಕೊಡುವುದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಬಂದದ್ದು, ಸಣ್ಣದು. ಕಾರಣ ಎರಡು. ಒಂದು, ಕತೆ ನಡೆಯುವುದು ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ. ಹೊಳೆ, ತೋಟ, ಕುಮಾರ ಪರ್ವತ. ರಾಯಚೂರಿನ ಬಿಸಿಲಲ್ಲಿ ಕೂತು ಓದಿದರೆ ಗೋಣಿತಟ್ಟಿಗಿಂತ ಹೆಚ್ಚು ತಂಪು. ಎರಡು, ದಾರಿ ತಪ್ಪಿ ಬಂದವನಿಗೆ ಗೋಪಾಲಯ್ಯ, ಶಂಕರಿ ಎಂಬ ವೃದ್ಧ ದಂಪತಿ ಊಟ ಹಾಕಿ, ಸ್ನಾನಕ್ಕೆ ಬಿಸಿನೀರು ಕಾಯಿಸಿ ಕೊಟ್ಟು, ಇನ್ನೆರಡು ದಿನ ಇರು ಎಂದು ಹಿಡಿದುಕೊಳ್ಳುತ್ತಾರೆ. ಮನೆ ಬಿಟ್ಟು ಹೋದ ಮಗನ ನೆನಪು ಆ ಉಪಚಾರದ ಹಿಂದೆ ಇದೆ. ಸದಾ ಉಪಚಾರ ಮಾಡುತ್ತಲೇ ಇರುವ ನೀವು ಒಮ್ಮೆ ಅತಿಥಿಯಾಗಿ ಕೂತು ನೋಡಿ.

ಅದು ಮುಗಿದರೆ, ಮುಗಿಯುತ್ತದೆ, ಸಣ್ಣ ಕತೆಗಳಿಗೆ ಬನ್ನಿ. ಕತೆ ಅಂದರೆ ಕಾದಂಬರಿಗಿಂತ ಕಡಿಮೆ ಎಂಬ ಭಾವನೆ ನಮ್ಮ ಓದುಗರಲ್ಲಿ ಬಹಳ ದಿನ ಇತ್ತು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪಡೆದವಲ್ಲ, ಕಥಾಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಮನೆಯೊಳಗಿನ ಹೆಂಗಸರ ಬದುಕೇ ಅವುಗಳ ವಸ್ತು. ವೈದೇಹಿಯವರ ಕತೆಗಳೂ ಹಾಗೆ, ಅಡುಗೆಮನೆಯ ಬಾಗಿಲಿನಿಂದ ಲೋಕ ನೋಡುವಂಥವು. ಒಂದು ಕತೆ ಒಂದು ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ನಳದ ನೀರಿಗೆ ಕಾಯುವಾಗ ಮಾತ್ರ ಕತೆಯೂ ಉದ್ದವೇ, ಅಲ್ಲಿಗೆ ವಚನ. ನಿಮ್ಮ ಜಿಲ್ಲೆಯ ಅಮರೇಶ್ವರದಲ್ಲಿದ್ದಳು ಎನ್ನುವ ಆಯ್ದಕ್ಕಿ ಲಕ್ಕಮ್ಮನಿಂದ ಶುರು ಮಾಡಿ. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದ ಹೆಣ್ಣು. ನಾಲ್ಕೈದು ಸಾಲು, ಕೊಡ ತುಂಬುವುದರೊಳಗೆ ಎರಡು ಸಲ ಓದಬಹುದು.

ದಿನಕ್ಕೆ ಹತ್ತು ಪುಟ ಅಂದುಕೊಳ್ಳಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ರಜೆ ಸುಮಾರು 45 ದಿನ, 450 ಪುಟ. ಮೂರು ಸಣ್ಣ ಪುಸ್ತಕ. ಹತ್ತು ವರ್ಷದ ಸೊನ್ನೆಯ ಎದುರು ಅದು ಸಣ್ಣದಲ್ಲ.

ಮಗಳಿಗೆ ತೇಜಸ್ವಿಯವರ 'ಪರಿಸರದ ಕತೆ' ಕೊಡಿ, ನಾಯಿ, ಹಾವು, ಹಂದಿ ಬೇಟೆ ಎಲ್ಲ ಇದೆ. ಇಷ್ಟಪಟ್ಟರೆ ಮುಂದಿನ ಬೇಸಿಗೆಗೆ ಹಾರುವ ಓತಿಯನ್ನು ಹುಡುಕಿ ಹೊರಡುವ 'ಕರ್ವಾಲೊ'. ಅವಳು ಕಾಮಿಕ್ಸೇ ಬೇಕು ಅಂದರೆ ಕಾಮಿಕ್ಸ್ ಓದಲಿ, ಅದು ಓದಲ್ಲ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಓದಿದ ಮೇಲೆ ಸಾರಾಂಶ ಬರೆಸುವುದು, ಪ್ರಶ್ನೆ ಕೇಳುವುದು ದಯವಿಟ್ಟು ಬೇಡ. ರಜೆಯಲ್ಲಿ ಪುಸ್ತಕ ಹೋಮ್‌ವರ್ಕ್ ಆದ ದಿನ ಮಕ್ಕಳು ಅದನ್ನು ಮುಚ್ಚುತ್ತಾರೆ, ನನ್ನ ಮಕ್ಕಳೇ ಮುಚ್ಚಿದರು, ತಪ್ಪು ನನ್ನದು. ಚಿಕ್ಕವನಿಗೆ ಓದಿ ಹೇಳಬೇಕು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಇಲಿಗಳ ಸಾಲುಗಳನ್ನು ಜೋರಾಗಿ ಓದಿ, ಮೂರನೇ ದಿನಕ್ಕೆ ಅವನೇ ಮುಂದಿನ ಸಾಲು ಹೇಳುತ್ತಾನೆ. ಪ್ರಥಮ್ ಬುಕ್ಸ್‌ನವರು 2015ರಿಂದ ನಡೆಸುತ್ತಿರುವ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಅವನಿಗೆ ಒಂದನೇ ಹಂತ. ಐದಾರು ಕತೆ ಪ್ರಿಂಟ್ ಹಾಕಿಸಿ ದಾರದಲ್ಲಿ ಹೊಲಿದುಕೊಡಿ. ಪರದೆಯ ಮೇಲೆ ತೋರಿಸಿದರೆ ಎರಡೇ ನಿಮಿಷದಲ್ಲಿ ಅದು ಕಾರ್ಟೂನಾಗಿ ತಿರುಗುತ್ತದೆ.

ಎಲ್ಲವನ್ನೂ ಕೊಳ್ಳಬೇಕಿಲ್ಲ. ನಗರ ಗ್ರಂಥಾಲಯದಲ್ಲಿ ಸಣ್ಣ ಠೇವಣಿ ಇಟ್ಟರೆ ಮನೆಗೇ ಕೊಡುತ್ತಾರೆ. ಮನೆ ತೆರಿಗೆಯ ಮೇಲೆ ಗ್ರಂಥಾಲಯ ಕರ ಎಂದು ಶೇ 6 ವಸೂಲಾಗುತ್ತದೆ, ನಿಮ್ಮ ಬಾಡಿಗೆಯೊಳಗೆ ಅದೂ ಇದೆ ಅನ್ನಿ. ಸಾಮಾನ್ಯವಾಗಿ ಭಾನುವಾರ ತೆರೆದಿದ್ದು ಸೋಮವಾರ ರಜೆ ಇರುತ್ತದೆ, ಯಜಮಾನರು ಊರಲ್ಲಿರುವ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಅವರೇ ಕರೆದುಕೊಂಡು ಹೋಗಲಿ. ಆ ಎರಡು ಗಂಟೆ ಮನೆ ನಿಮ್ಮದು.

ಅತ್ತೆಯವರ ವಿಷಯ ಕೊನೆಗಿಟ್ಟುಕೊಂಡೆ. ಅವರ ಮುಖ ಗಂಟಾಗುವುದು ಪುಸ್ತಕದ ಮೇಲಿನ ಸಿಟ್ಟಿಗೆ ಇರಲಾರದು ತಂಗಿ. ಕಣ್ಣು ಮಂಜಾದವರಿಗೆ ಮಧ್ಯಾಹ್ನ ಬಹಳ ಉದ್ದ. ಮಕ್ಕಳು ಒಂದು ಕಡೆ, ಸೊಸೆ ಪುಸ್ತಕದೊಳಗೆ, ಮಾತಾಡಲು ಯಾರೂ ಇಲ್ಲ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಒಂದು ದಿನ ಬೇಸತ್ತು, ನಾನು ಓದುತ್ತಿದ್ದ ಕತೆಯನ್ನು ಇದ್ದಲ್ಲಿಂದಲೇ ಗಟ್ಟಿಯಾಗಿ ಓದತೊಡಗಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ದರು, ಹೂಂ ಅನ್ನಲಿಲ್ಲ. ಮರುದಿನ ಎರಡೂವರೆಗೆ ನಾನಿನ್ನೂ ಪಾತ್ರೆ ತೊಳೆಯುತ್ತಿದ್ದೆ. ಚಾಪೆ ಹಾಸಿಕೊಂಡು ಅಲ್ಲಿಂದಲೇ ಕೂಗಿದರು: "ಆ ಪಾತ್ರೆ ಅಲ್ಲೇ ಬಿಡು, ಅಕೀ ಗಂಡ ವಾಪಸ್ ಬಂದ್ನೋ ಇಲ್ಲೋ ಹೇಳು ಮೊದ್ಲು."